ಟೂ-ಸ್ಟ್ರೋಕ್ ಗಾಡಿಗೆ ಹೊಸ ಕಾರ್ಬುರೇಟರ್: ಜೋಡಿಸುವ ಮತ್ತು ಹದ ಮಾಡುವ ರೀತಿ

(ಯುವಕ ಮಂಡಲದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಅಲ್ಲಲ್ಲಿ ಮಣ್ಣಿನ ಮೇಲೆ ಮೋಟಾರ್ ಸೈಕಲ್ ಓಟದ ಪಂದ್ಯಗಳು ನಡೆಯುವುದು ನಿಮಗೆಲ್ಲ ತಿಳಿದ ವಿಷಯ. ಇವುಗಳಿಗಾಗಿ ನಮ್ಮ ತರುಣರು ಹಳೆಯ ಟೂ-ಸ್ಟ್ರೋಕ್ ಗಾಡಿಗಳನ್ನು ಹುಡುಕಿ ತಂದು ಸಿದ್ಧಪಡಿಸುತ್ತಾರೆ. ಲೈಟು ಬಿಚ್ಚುತ್ತಾರೆ, ಮಡ್‌ಗಾರ್ಡ್ ಎತ್ತರಿಸುತ್ತಾರೆ, ಮಣ್ಣು ಕಚ್ಚುವ ಟೈರು ಹಾಕಿಸುತ್ತಾರೆ. ಇಷ್ಟಾದ ಮೇಲೆ ಎಲ್ಲರಿಗೂ ಬರುವ ಯೋಚನೆ ಒಂದೇ: ಕಂಪನಿಯ ಕಾರ್ಬುರೇಟರ್ ತೆಗೆದು ದೊಡ್ಡದೊಂದನ್ನು ಹಾಕಿದರೆ ಗಾಡಿ ಇನ್ನೂ ಜೋರಾಗಿ ಓಡುವುದಲ್ಲವೇ?

ಓಡುತ್ತದೆ, ಹದ ಸರಿಯಾಗಿದ್ದರೆ. ಹದ ತಪ್ಪಿದರೆ ಅದೇ ಗಾಡಿ ಮೊದಲನೆಯ ದಿನವೇ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಪೂರ್ತಿ ವೇಗದಲ್ಲಿ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಒಮ್ಮೆಗೇ ಹಿಡಿದುಬಿಡುತ್ತದೆ, ಸವಾರ ನೆಲಕ್ಕೆ ಬೀಳುತ್ತಾನೆ. ಸಿಲಿಂಡರಿಗೆ ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿಸಬಹುದು. ಮುರಿದ ಹೆಗಲೆಲುಬಿಗೆ ಅಷ್ಟು ಸುಲಭದ ಉಪಾಯವಿಲ್ಲ. ಆದಕಾರಣ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಏತಕ್ಕಾಗಿ ಹಾಗೆ ಮಾಡಬೇಕು ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಾರ್ಬುರೇಟರಿನ ಕೆಲಸವೇನೆಂದು ನೋಡೋಣ. ಪೆಟ್ರೋಲು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತರೆ ಮಾತ್ರ ಸರಿಯಾಗಿ ಉರಿಯುತ್ತದೆ. ಶುದ್ಧ ಪೆಟ್ರೋಲು ಒಂದು ತೂಕವಾದರೆ ಗಾಳಿ ಹದಿನಾಲ್ಕು-ಹದಿನೈದು ತೂಕ ಬೇಕು. ಪೆಟ್ರೋಲು ಇದಕ್ಕಿಂತ ಕಡಮೆಯಾದರೆ ಮಿಶ್ರಣ ತೆಳುವಾಯಿತು ಎನ್ನುತ್ತೇವೆ, ಹೆಚ್ಚಾದರೆ ದಟ್ಟವಾಯಿತು ಎನ್ನುತ್ತೇವೆ. ಅಂಬಲಿಯ ಲೆಕ್ಕವೇ ಎಂದುಕೊಳ್ಳಿ. ಪೂರ್ತಿ ಜೋರಿನಲ್ಲಿ ಓಡುವ ಎಂಜಿನ್ನಿಗೆ ಮಿಶ್ರಣ ಸ್ವಲ್ಪ ದಟ್ಟವಾಗಿಯೇ ಇರಬೇಕು. ಆ ಹೆಚ್ಚಿನ ಪೆಟ್ರೋಲು ಆವಿಯಾಗುವಾಗ ಎಂಜಿನ್ನಿನ ಶಾಖವನ್ನು ಹೀರಿಕೊಂಡು ಪಿಸ್ಟನ್ನನ್ನು ತಣಿಸುತ್ತದೆ.

ಟೂ-ಸ್ಟ್ರೋಕಿನಲ್ಲಿ ಇನ್ನೊಂದು ಮಾತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಇಂಥ ಗಾಡಿಯಲ್ಲಿ ಪೆಟ್ರೋಲು ಕಡಮೆಯಾಯಿತೆಂದರೆ ಎಣ್ಣೆಯೂ ಕಡಮೆಯಾಯಿತೆಂದೇ ಅರ್ಥ. ತೆಳು ಮಿಶ್ರಣ ಒಂದು ಕಡೆ ಶಾಖ ಹೆಚ್ಚಿಸುತ್ತದೆ, ಇನ್ನೊಂದು ಕಡೆ ಜಿಡ್ಡನ್ನು ಕಸಿದುಕೊಳ್ಳುತ್ತದೆ. ಎರಡೂ ಒಂದೇ ಹೊತ್ತಿಗೆ ಬಂದಾಗ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಗಾತ್ರದ ವಿಚಾರ. ನಮ್ಮ ಕಡೆ ಮಣ್ಣಿನ ಓಟಕ್ಕೆ ಹೆಚ್ಚಾಗಿ ಬಳಸುವುದು ಯಮಾಹಾ ಆರ್‌ಎಕ್ಸ್ 100 ಮತ್ತು ಅದರ ತಮ್ಮನಂತಿರುವ ಆರ್‌ಎಕ್ಸ್ 135. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. 50 ಮಿಲಿಮೀಟರ್ ಬೋರು, 50 ಮಿಲಿಮೀಟರ್ ಸ್ಟ್ರೋಕು, 98 ಸಿ.ಸಿ. ಅದರ ಮಿಕುನಿ ಕಾರ್ಬುರೇಟರಿನ ಗಂಟಲು ಸುಮಾರು 20 ಮಿಲಿಮೀಟರ್. ಅಲ್ಲಿಗೆ 24 ಮಿಲಿಮೀಟರಿನದನ್ನು ತಂದರೆ ನಾಲ್ಕೇ ಮಿಲಿಮೀಟರ್ ಹೆಚ್ಚಲ್ಲವೇ ಎಂದು ತೋರುತ್ತದೆ. ಆದರೆ ಗಾಳಿ ಹೋಗುವುದು ಗಂಟಲಿನ ವಿಸ್ತೀರ್ಣದಲ್ಲಿ. 20ರ ವರ್ಗ 400, 24ರ ವರ್ಗ 576. ಅಂದರೆ ಬಾಯಿ ಹೆಚ್ಚುಕಡಮೆ ಒಂದೂವರೆಯಷ್ಟು ದೊಡ್ಡದಾಯಿತು.

ಬಾಯಿ ದೊಡ್ಡದಾದರೆ ಅದರಲ್ಲಿ ಹಾಯುವ ಗಾಳಿಯ ಓಟ ನಿಧಾನವಾಗುತ್ತದೆ. ಇಕ್ಕಟ್ಟಿನ ಕಾಲುವೆಯಲ್ಲಿ ರಭಸವಾಗಿ ಹರಿದ ನೀರು ಅಗಲವಾದ ಕಡೆ ಮಂದವಾಗುವುದನ್ನು ನೀವು ನೋಡಿದ್ದೀರಿ. ಗಾಳಿಯ ರಭಸ ತಗ್ಗಿದರೆ ಬಟ್ಟಲಿನಿಂದ ಪೆಟ್ರೋಲನ್ನು ಮೇಲಕ್ಕೆ ಎಳೆಯುವ ಶಕ್ತಿಯೂ ತಗ್ಗುತ್ತದೆ. ಆದ್ದರಿಂದ ಅಳತೆ ಮೀರಿದ ಕಾರ್ಬುರೇಟರ್ ಹಾಕಿದ ಗಾಡಿ ಕೊನೆಯ ವೇಗದಲ್ಲಿ ಚೆನ್ನಾಗಿ ಓಡಿದರೂ ತಿರುವಿನಿಂದ ಹೊರಬರುವಾಗ ತಡವರಿಸುತ್ತದೆ. ಗದ್ದೆಯ ಓಟದಲ್ಲಿ ತಿರುವುಗಳೇ ಹೆಚ್ಚು, ನೇರ ದಾರಿ ಕಡಮೆ. ಕಂಪನಿಯ ಸೈಲೆನ್ಸರ್, ಕಂಪನಿಯ ಪೋರ್ಟುಗಳು ಇದ್ದಂತೆಯೇ ಇರುವ 100 ಸಿ.ಸಿ. ಗಾಡಿಗೆ 28 ಮಿಲಿಮೀಟರಿನ ಕಾರ್ಬುರೇಟರ್ ಹಾಕುವುದು, ಕುರಿಮರಿಗೆ ಎತ್ತಿನ ನೊಗ ಹೂಡಿದಂತೆ ಎಂದು ನನ್ನ ಅಭಿಪ್ರಾಯ. 135ಕ್ಕೆ ಎಂಜಿನ್ ಕೆಲಸವೂ ಆಗಿದ್ದರೆ ಆ ಮಾತು ಬೇರೆ.

ಕೊಳ್ಳುವಾಗ ಇನ್ನೊಂದು ಎಚ್ಚರಿಕೆ ಬೇಕು. ಹೆಸರಾಂತ ಕಂಪನಿಯ ಅಚ್ಚು ಒತ್ತಿದ ನಕಲು ಸರಕು ಪೇಟೆಯಲ್ಲಿ ಧಾರಾಳವಾಗಿದೆ. ಮೇಲ್ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನಕಲು ಜೆಟ್ಟಿನ ಮೇಲೆ ಕೊರೆದ ಸಂಖ್ಯೆಗೂ ಅದರ ತೂತಿಗೂ ಸಂಬಂಧವಿರುವುದೆಂಬ ಭರವಸೆ ಇಲ್ಲ. ಹದ ಮಾಡುವ ಕೆಲಸವೆಲ್ಲ ಆ ಸಂಖ್ಯೆಗಳನ್ನು ನಂಬಿಯೇ ನಡೆಯಬೇಕಾದ್ದರಿಂದ, ಕಾರ್ಬುರೇಟರ್ ಹೇಗೇ ಇರಲಿ, ಜೆಟ್ಟುಗಳನ್ನು ಮಾತ್ರ ನಂಬಿಕೆಯ ಅಂಗಡಿಯಲ್ಲಿ ಅಸಲಿಯಾದುದನ್ನೇ ಕೊಳ್ಳತಕ್ಕದ್ದು. ಮಿಕುನಿಯ ಸಂಖ್ಯೆಯೂ ಕೇಹಿನ್ ಸಂಖ್ಯೆಯೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಗೆಳೆಯನ ಕೇಹಿನ್ನಿನಲ್ಲಿ 120 ಚೆನ್ನಾಗಿ ನಡೆಯಿತೆಂದು ನಿಮ್ಮ ಮಿಕುನಿಗೆ 120 ಹಾಕಿದರೆ ಅದು ಬೇರೆಯೇ ಅಳತೆಯಾಗುತ್ತದೆ.

ಹೊಸದನ್ನು ಜೋಡಿಸುವ ಮೊದಲು ಎಂಜಿನ್ ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ಹಲವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಕ್ರ್ಯಾಂಕಿನ ಎರಡು ಬದಿಯಲ್ಲಿ ರಬ್ಬರಿನ ಆಯಿಲ್ ಸೀಲುಗಳಿವೆ. ಮ್ಯಾಗ್ನೆಟ್ ಕಡೆಯ ಸೀಲು ಸವೆದರೆ ಕಳ್ಳದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಕಡೆಯದು ಸವೆದರೆ ಗೇರ್ ಎಣ್ಣೆಯನ್ನು ಎಂಜಿನ್ ಕುಡಿದು ಬಿಳಿ ಹೊಗೆ ಉಗುಳುತ್ತದೆ. ಮೂವತ್ತು ವರ್ಷ ಹಳೆಯ ಗಾಡಿಯಲ್ಲಿ ಈ ಸೀಲುಗಳು ಸರಿಯಾಗಿರುತ್ತವೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಸೀಲು ಹೋದ ಎಂಜಿನ್ನಿಗೆ ಎಷ್ಟು ಜೆಟ್ ಬದಲಾಯಿಸಿದರೂ ಹದ ಕೂಡುವುದಿಲ್ಲ. ಒಡೆದ ಏರಿಯ ಕೆರೆಗೆ ನೀರು ತುಂಬಿಸಿದಂತೆಯೇ ಸರಿ.

ಜೋಡಿಸುವುದು ಕಷ್ಟದ ಕೆಲಸವಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಹಳೆಯದನ್ನು ಬಿಚ್ಚಿ, ಇನ್‌ಟೇಕ್ ಕೊಳವೆಯ ಗಾತ್ರ ಹೊಸದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅದಕ್ಕೆ ತಕ್ಕ ರಬ್ಬರ್ ಕೊಳವೆ ತರಬೇಕು. ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಬಿಸಿಗೆ ಅದು ಸಡಿಲವಾಗಿ ಗಾಳಿ ಎಳೆಯುತ್ತದೆ. ಕೊಳವೆಯ ಮುಖ ಸಮತಟ್ಟಾಗಿರಬೇಕು, ಗ್ಯಾಸ್ಕೆಟ್ ಹೊಸದಾಗಿರಬೇಕು, ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿಯಬೇಕು. ಬಟ್ಟಲು ಕೆಳಗೆ, ದೇಹ ನೆಟ್ಟಗೆ ನಿಲ್ಲಬೇಕು. ಓರೆಯಾಗಿ ನಿಂತರೆ ಒಳಗಿನ ಫ್ಲೋಟ್ ತಪ್ಪು ಮಟ್ಟವನ್ನು ಹಿಡಿಯುತ್ತದೆ. ಬಟ್ಟಲಿನ ಪಕ್ಕದಿಂದ ಇಳಿಬಿಟ್ಟ ಸಣ್ಣ ಕೊಳವೆಗಳು ಗಾಳಿಯಾಡುವುದಕ್ಕೆ ಇರುವಂಥವು. ಅವು ಮಡಚಿಕೊಂಡರೆ ಅಥವಾ ಕೆಸರಿನಿಂದ ಮುಚ್ಚಿಕೊಂಡರೆ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ.

ಇನ್ನು ಸ್ಲೈಡ್. ಎಕ್ಸಲರೇಟರ್ ತಿರುಗಿಸಿದಾಗ ಮೇಲೇಳುವ ಉರುಳೆ ಇದು. ಇದರ ಕೆಳ ಅಂಚಿನಲ್ಲಿ ಒಂದು ಬದಿ ಬಿಲ್ಲಿನಂತೆ ಕತ್ತರಿಸಿರುತ್ತದೆ. ಆ ಕತ್ತರಿಸಿದ ಬದಿ ಏರ್ ಫಿಲ್ಟರಿನ ಕಡೆಗೆ ಇರಬೇಕು. ಗಡಿಬಿಡಿಯಲ್ಲಿ ಹಿಂದುಮುಂದಾಗಿ ಒತ್ತಿ ತೂರಿಸಿದರೆ ಅದು ಪೂರ್ತಿ ಕೆಳಗಿಳಿಯುವುದಿಲ್ಲ, ಕಿಕ್ ಹೊಡೆಯುತ್ತಲೇ ಎಂಜಿನ್ ಹುಚ್ಚು ಹಿಡಿದಂತೆ ಕೂಗುತ್ತದೆ. ಆದ್ದರಿಂದ ಕಿಕ್ ಹೊಡೆಯುವುದಕ್ಕೆ ಮುಂಚೆ ಫಿಲ್ಟರ್ ತೆಗೆದ ಬಾಯಿಯಲ್ಲಿ ನೋಡಿಕೊಂಡು ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಬಿಡಿ. ಸ್ಲೈಡ್ ‘ಟಕ್’ ಎಂದು ಕೆಳಗೆ ಬೀಳಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಪೂರ್ತಿ ಬಲಕ್ಕೆ ತಿರುಗಿಸಿ ಒಮ್ಮೆ ಇದೇ ಪರೀಕ್ಷೆ ಮಾಡಿ. ‘ಟಕ್’ ಶಬ್ದ ಕೇಳದ ಗಾಡಿಯನ್ನು ಯಾರೂ ಹತ್ತಬಾರದು.

ಈಗ ಹೇಳುವ ಮಾತನ್ನು ಆರ್‌ಎಕ್ಸ್ ಇಟ್ಟುಕೊಂಡವರು ವಿಶೇಷವಾಗಿ ಗಮನಿಸಬೇಕು. ಈ ಗಾಡಿಯಲ್ಲಿ ಎಣ್ಣೆಗೆ ಬೇರೆ ಡಬ್ಬಿ, ಬೇರೆ ಪಂಪು ಇದೆ. ಎಕ್ಸಲರೇಟರ್ ತಂತಿ ಕವಲೊಡೆದು ಒಂದು ಸ್ಲೈಡಿಗೂ ಒಂದು ಎಣ್ಣೆಯ ಪಂಪಿಗೂ ಹೋಗುತ್ತದೆ. ಸ್ಲೈಡ್ ಎಷ್ಟು ಎದ್ದಿತೋ ಅದಕ್ಕೆ ತಕ್ಕಷ್ಟು ಎಣ್ಣೆ ಬೀಳಲಿ ಎಂಬುದು ಕಂಪನಿಯವರ ಏರ್ಪಾಡು. ದೊಡ್ಡ ಕಾರ್ಬುರೇಟರಿನ ಸ್ಲೈಡ್ ಪೂರ್ತಿ ಏಳಬೇಕಾದರೆ ತಂತಿ ಹೆಚ್ಚು ಉದ್ದ ಎಳೆಯಬೇಕು. ಹೀಗಾಗಿ ಎರಡು ತೊಡಕುಗಳು ಬರುತ್ತವೆ. ಹಳೆಯ ಹಿಡಿಕೆ ಅಷ್ಟು ತಂತಿ ಎಳೆಯದೆ ಸ್ಲೈಡ್ ಅರೆಬರೆ ಏಳಬಹುದು. ಪಂಪಿಗೂ ಸ್ಲೈಡಿಗೂ ಇದ್ದ ಹೊಂದಾಣಿಕೆ ತಪ್ಪಿ ಎಣ್ಣೆ ಕಡಮೆ ಬೀಳಲೂಬಹುದು. ಪಂಪಿನ ಮೇಲೆ ಕೊರೆದ ಗುರುತನ್ನು ನೋಡಿ ತಂತಿಯನ್ನು ಮತ್ತೆ ಸರಿಹೊಂದಿಸಲೇಬೇಕು.

ಇದಲ್ಲದೆ ಪಂಪಿನಿಂದ ಬಂದ ಎಣ್ಣೆಯ ಸಣ್ಣ ಕೊಳವೆ ಎಲ್ಲಿ ಸೇರುತ್ತದೆಂದು ಹಳೆಯದನ್ನು ಬಿಚ್ಚುವಾಗಲೇ ನೋಡಿಡಿ. ಕೆಲವು ಗಾಡಿಗಳಲ್ಲಿ ಅದು ಕಾರ್ಬುರೇಟರಿನ ಮೈಗೇ ಸೇರುತ್ತದೆ, ಕೆಲವುದರಲ್ಲಿ ಇನ್‌ಟೇಕ್ ಕೊಳವೆಗೆ. ಕಾರ್ಬುರೇಟರಿಗೇ ಸೇರುವಂತಿದ್ದು ಹೊಸದರಲ್ಲಿ ಆ ತೂತೇ ಇಲ್ಲದಿದ್ದರೆ ಎಣ್ಣೆಗೆ ದಾರಿಯಿಲ್ಲ. ಆ ಕೊಳವೆಯನ್ನು ಸುಮ್ಮನೆ ಇಳಿಬಿಟ್ಟು ಗಾಡಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಮುಗಿಯಿತು. ಆಗ ಪಂಪನ್ನು ಬಿಟ್ಟು ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವುದು ಉತ್ತಮ. ಒಂದು ಲೀಟರ್ ಪೆಟ್ರೋಲಿಗೆ 33 ಮಿಲಿಲೀಟರ್ ಟೂ-ಟಿ ಎಣ್ಣೆ ಹಾಕಿದರೆ ಮೂವತ್ತಕ್ಕೆ ಒಂದು, 25 ಹಾಕಿದರೆ ನಲವತ್ತಕ್ಕೆ ಒಂದು ಪ್ರಮಾಣ. ಓಟದ ಗಾಡಿಗೆ ಮೂವತ್ತಕ್ಕೆ ಒಂದರಿಂದ ಆರಂಭಿಸುವುದು ಕ್ಷೇಮ. ಅಳತೆಯ ಲೋಟದಿಂದಲೇ ಅಳೆಯಿರಿ. ಕಣ್ಣಂದಾಜು ಸಾರಿಗೆ ಉಪ್ಪು ಹಾಕುವುದಕ್ಕೆ ಸರಿ, ಇದಕ್ಕಲ್ಲ. ಬೆರಕೆ ಪೆಟ್ರೋಲಿನ ಗಾಡಿಯಲ್ಲಿ ಘಟ್ಟ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನಲ್ಲಿ ಬಹಳ ದೂರ ಹೋಗಬಾರದು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು. ಆಗಾಗ ಒಂದಿಷ್ಟು ತಿರುವಿ ಜಿಡ್ಡು ಕೊಡುತ್ತಿರಬೇಕು.

ಏರ್ ಫಿಲ್ಟರನ್ನು ಕಿತ್ತೊಗೆದು ಬಾಯಿ ತೆರೆದುಕೊಂಡು ಓಡಿಸುವ ಚಾಳಿಯೂ ನಮ್ಮಲ್ಲಿದೆ. ಶಬ್ದ ಚೆನ್ನಾಗಿ ಬರುತ್ತದೆಂದು ಕಾಣುತ್ತದೆ. ಗದ್ದೆಯ ಧೂಳು ಪಿಸ್ಟನ್ ರಿಂಗನ್ನು ಸಾಣೆ ಹಿಡಿದಂತೆ ಅರೆಯುತ್ತದೆ. ಫೋಮ್ ಫಿಲ್ಟರ್ ಹಾಕಿ, ಅದಕ್ಕೆ ಫಿಲ್ಟರ್ ಎಣ್ಣೆ ಸವರಿ, ಪ್ರತಿ ಪಂದ್ಯದ ನಂತರ ತೊಳೆಯಿರಿ. ಫಿಲ್ಟರನ್ನು ಮೊದಲೇ ನಿರ್ಧರಿಸಿಕೊಂಡು ಆಮೇಲೆ ಹದ ಮಾಡತಕ್ಕದ್ದು. ಡಬ್ಬಿಯ ಫಿಲ್ಟರಿನೊಡನೆ ಹದ ಮಾಡಿ ಆಮೇಲೆ ಕೋನ್ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ.

ಇನ್ನು ಹದ ಮಾಡುವ ಕೆಲಸ. ಸ್ಲೈಡ್ ಇರುವ ಕಾರ್ಬುರೇಟರಿನಲ್ಲಿ ಎಕ್ಸಲರೇಟರ್ ಎಷ್ಟು ತೆರೆದಿದೆ ಎಂಬುದರ ಮೇಲೆ ಬೇರೆ ಬೇರೆ ಭಾಗಗಳು ಅಧಿಕಾರ ನಡೆಸುತ್ತವೆ. ಮುಚ್ಚಿದ ಸ್ಥಿತಿಯಿಂದ ಸುಮಾರು ಎಂಟನೆಯ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗುಹಾಕಿದ ಸೂಜಿ ಮತ್ತು ಅದು ಇಳಿಯುವ ನೀಡಲ್ ಜೆಟ್. ಮುಕ್ಕಾಲಿನಿಂದ ಪೂರ್ತಿಗೆ ಮೇನ್ ಜೆಟ್. ಗಡಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ, ಹೊಲದ ಬದುವಿನಂತೆ ಖಂಡಿತವಲ್ಲ. ಗಾಡಿ ಅರ್ಧದಲ್ಲಿ ತಡವರಿಸುತ್ತಿರುವಾಗ ಮೇನ್ ಜೆಟ್ ಬದಲಾಯಿಸುತ್ತ ಕೂರುವವರನ್ನು ನಾನು ಬಹಳ ಕಂಡಿದ್ದೇನೆ. ಅದು ಹೊಟ್ಟೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ. ಹಿಡಿಕೆಗೆ ಒಂದು ಬಿಳಿ ಟೇಪು ಅಂಟಿಸಿ, ಪಕ್ಕದಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆಯಿರಿ. ತೊಂದರೆ ಯಾವ ಗೆರೆಯ ಬಳಿ ಬರುತ್ತದೆಂದು ಕಣ್ಣಿಗೆ ಕಾಣುವಂತಾದರೆ ಅರ್ಧ ಕೆಲಸ ಮುಗಿಯಿತು.

ದಟ್ಟವಾದ ಕಡೆಯಿಂದ ಆರಂಭಿಸಿ ತೆಳುವಿನ ಕಡೆಗೆ ಮೆಲ್ಲಗೆ ಬರಬೇಕು. ತೆಳುವಿನಿಂದ ದಟ್ಟಕ್ಕೆ ಎಂದೂ ಹೋಗಬಾರದು. ದಟ್ಟವಾದ ಎಂಜಿನ್ ಹೊಗೆಯಾಡುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಬುರ್‌ಬುರ್ ಎಂದು ಮುನಿಸಿಕೊಳ್ಳುತ್ತದೆ, ಆದರೆ ಸಾಯುವುದಿಲ್ಲ. ತೆಳುವಾದದ್ದು ಹಾಗಲ್ಲ. ಮೊದಮೊದಲು ಗಾಡಿ ಹಿಂದೆಂದಿಗಿಂತಲೂ ಚುರುಕಾಗಿ ಎಳೆಯುತ್ತದೆ, ಸವಾರ ಹಿಗ್ಗುತ್ತಾನೆ. ಆರುವ ದೀಪಕ್ಕೆ ಕಾಂತಿ ಹೆಚ್ಚು ಎಂಬ ಗಾದೆ ಈ ಎಂಜಿನ್ನಿಗಾಗಿಯೇ ಹುಟ್ಟಿತೋ ಏನೋ. ಹೀಗಾಗಿ ನಿಮಗೆ ಸರಿಯೆಂದು ತೋರುವ ಮೇನ್ ಜೆಟ್ಟಿಗಿಂತ ಎರಡು ಅಳತೆ ದೊಡ್ಡದನ್ನು ಹಾಕಿ ಮೊದಲು ಓಡಿಸಿ. ಚಿಕ್ಕ ದೊಡ್ಡ ಅಳತೆಯ ಐದಾರು ಜೆಟ್ಟುಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪುಸ್ತಕದಲ್ಲಿ ಬರೆದಿಡಿ. ಸೂಜಿಯನ್ನೂ ಜೆಟ್ಟನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ ಎಂಜಿನ್ ನಿಲ್ಲದಷ್ಟು ಮಾಡಿಕೊಳ್ಳಿ. ಆಗ ಕೊಳವೆಯ ಜೋಡಣೆಗೆ ಬ್ರಷ್ಷಿನಿಂದ ಸೋಪಿನ ನೀರು ಸವರಿ ನೋಡಿ. ಶಬ್ದ ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಪೆಟ್ರೋಲು ಸಿಂಪಡಿಸಿ ನೋಡುವವರಿದ್ದಾರೆ, ಅದು ಮನೆಗೆ ಬೆಂಕಿ ಇಡುವ ವಿದ್ಯೆ. ಅನಂತರ ಮೇನ್ ಜೆಟ್ಟಿನ ಪರೀಕ್ಷೆ. ಉದ್ದವಾದ ಮುಚ್ಚಿದ ಮೈದಾನದಲ್ಲಿ, ಹೆಲ್ಮೆಟ್ ಹಾಕಿ, ಒಂದು ಬೆರಳನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಪೂರ್ತಿ ತಿರುವಿ ಓಡಿಸಿ. ಎಂಜಿನ್ ತೊದಲುತ್ತ ಪೂರ್ತಿ ವೇಗಕ್ಕೆ ಏರದಿದ್ದರೆ ದಟ್ಟ. ಒಂದು ಅಳತೆ ಇಳಿಸಿ. ಪೂರ್ತಿ ತಿರುವಿದ್ದನ್ನು ಕೊಂಚ ಹಿಂದಕ್ಕೆ ಬಿಟ್ಟಾಗ ಗಾಡಿ ಇನ್ನೂ ಉಮೇದಿನಿಂದ ಎಳೆದರೆ ತೆಳುವಾಗಿದೆ. ಅಲ್ಲಿಗೇ ನಿಲ್ಲಿಸಿ, ದೊಡ್ಡ ಜೆಟ್ ಹಾಕಿ. ಟಿಣ್‌ಟಿಣ್ ಎಂಬ ಸಣ್ಣ ಲೋಹದ ಸದ್ದು ಕೇಳಿದರೂ ಹಾಗೆಯೇ.

ಪ್ಲಗ್ ನೋಡುವ ಕ್ರಮ ಹೀಗೆ: ಹೊಸ ಪ್ಲಗ್ ಹಾಕಿ, ಪೂರ್ತಿ ವೇಗದಲ್ಲಿ ಸಾಕಷ್ಟು ದೂರ ಓಡಿಸಿ, ಹಾಗೇ ಇಗ್ನಿಷನ್ ಆರಿಸಿ ಅದೇ ಕ್ಷಣದಲ್ಲಿ ಕ್ಲಚ್ ಹಿಡಿದು ನಿಲ್ಲಿಸಿ. ಐಡ್ಲಿಂಗ್‌ನಲ್ಲಿ ಬಿಟ್ಟು ತಂದರೆ ಆ ಹೊತ್ತಿನ ಮಸಿಯೇ ಕಾಣುತ್ತದೆ. ಪಿಂಗಾಣಿಯ ಬುಡದಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಉಂಗುರ ಕಂಡರೆ ಸರಿ. ಒದ್ದೆಯಾಗಿ ಕಪ್ಪಾಗಿದ್ದರೆ ದಟ್ಟ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಅದರ ಮೇಲೆ ಸಣ್ಣ ಬೆಳ್ಳಿಯ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಲೋಹವೇ ಕರಗಿ ಹಾರಿದ್ದು, ಗಾಡಿಯನ್ನು ತಳ್ಳಿಕೊಂಡು ಮನೆಗೆ ಹೋಗಿ. ಹಳೆಯ ಮೇಸ್ತ್ರಿಗಳು ಪ್ಲಗ್ಗಿನ ತುದಿಯೆಲ್ಲ ಕಂದಾಗಬೇಕೆಂದು ಹೇಳುವುದುಂಟು. ಅದು ಸೀಸ ಬೆರೆತ ಪೆಟ್ರೋಲಿನ ಕಾಲದ ಮಾತು. ನಮ್ಮ ದೇಶದಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲೇ ಬರುತ್ತಿದೆ, ಅದರಲ್ಲಿ ತುದಿ ಬೆಳ್ಳಗೇ ಇರುವುದು ಸಹಜ. ಆದ್ದರಿಂದ ಬುಡವನ್ನೇ ನೋಡಬೇಕು.

ಮೇನ್ ಜೆಟ್ ಸರಿಯಾದ ಮೇಲೆ ಸೂಜಿ. ಸೂಜಿಯ ತಲೆಯಲ್ಲಿ ಗೀರುಗಳಿವೆ, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ ಕೆಳಗಿನ ಗೀರಿಗೆ ಹೋದರೆ ಸೂಜಿ ಮೇಲೇಳುತ್ತದೆ, ಮಿಶ್ರಣ ದಟ್ಟವಾಗುತ್ತದೆ. ಮೇಲಿನ ಗೀರಿಗೆ ತಂದರೆ ತೆಳು. ನಡುವಿನ ಗೀರಿನಿಂದ ಆರಂಭಿಸಿ. ಗದ್ದೆಯ ಓಟದಲ್ಲಿ ಸವಾರ ಹೆಚ್ಚು ಹೊತ್ತು ಇರುವುದು ಅರ್ಧ ತೆರೆದ ಸ್ಥಿತಿಯಲ್ಲೇ ಆದ್ದರಿಂದ ಸೂಜಿಗೆ ಬೇಕಾದಷ್ಟು ಸಮಯ ಕೊಡಿ. ಕಾಲು ಭಾಗದ ಬಳಿ ಮಾತ್ರ ತಡವರಿಕೆ ಉಳಿದರೆ ಸ್ಲೈಡ್ ಬದಲಿಸಬೇಕಾದೀತು. ಅದರ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ತೆಳು.

ಕೊನೆಯಲ್ಲಿ ಏರ್ ಸ್ಕ್ರೂ. ಫಿಲ್ಟರಿನ ಕಡೆ ಇರುವ ಈ ಸ್ಕ್ರೂ ಗಾಳಿಯನ್ನು ಅಳೆಯುವಂಥದು. ಒಳಗೆ ತಿರುಗಿಸಿದರೆ ದಟ್ಟ, ಹೊರಗೆ ಬಿಟ್ಟರೆ ತೆಳು. ಮೆಲ್ಲಗೆ ಪೂರ್ತಿ ಒಳಕ್ಕೆ ತಂದು ಒಂದೂವರೆ ಸುತ್ತು ಹೊರಗೆ ಬಿಡಿ. ಅಲ್ಲಿಂದ ಆಚೀಚೆ ತಿರುಗಿಸಿ ಎಂಜಿನ್ ಅತ್ಯಂತ ಸರಾಗವಾಗಿ, ಚುರುಕಾಗಿ ತಿರುಗುವ ಜಾಗದಲ್ಲಿ ಬಿಡಿ. ಆ ಜಾಗ ಸುಮಾರು ಅರ್ಧ ಸುತ್ತಿಗಿಂತ ಒಳಗಿದ್ದರೆ ಪೈಲಟ್ ಜೆಟ್ ಚಿಕ್ಕದಾಯಿತು, ಎರಡೂವರೆಗಿಂತ ಹೊರಗಿದ್ದರೆ ದೊಡ್ಡದಾಯಿತು.

ಇಷ್ಟು ಮಾಡಿದವರು ಹದ ಒಮ್ಮೆ ಆಯಿತು, ಇನ್ನು ಮುಟ್ಟಬೇಕಾಗಿಲ್ಲ ಎಂದು ತಿಳಿಯುತ್ತಾರೆ. ನಮ್ಮ ನಾಡಿನಲ್ಲಿ ಅದು ನಡೆಯುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲು ಹಗುರ. ಮಡಿಕೇರಿಯಲ್ಲಿ ಅಚ್ಚುಕಟ್ಟಾಗಿ ಹದ ಮಾಡಿದ ಗಾಡಿಯನ್ನು ಸಂಪಾಜೆ ಘಟ್ಟ ಇಳಿಸಿ ಕರಾವಳಿಯ ಪಂದ್ಯಕ್ಕೆ ಒಯ್ದರೆ ಅಲ್ಲಿಯ ಭಾರವಾದ ಗಾಳಿಗೆ ಅದೇ ಜೆಟ್ ತೆಳುವಾಗುತ್ತದೆ. ಇಳಿಯುವವರು ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಕೊಂಡೇ ಪರೀಕ್ಷೆ ಆರಂಭಿಸಬೇಕು. ಘಟ್ಟ ಹತ್ತುವವರಿಗೆ ಅಪಾಯವಿಲ್ಲ, ಗಾಡಿ ಸ್ವಲ್ಪ ಮಂಕಾಗುತ್ತದೆ ಅಷ್ಟೆ. ಹೊತ್ತಿನ ವ್ಯತ್ಯಾಸವೂ ಹೀಗೆಯೇ. ಮಧ್ಯಾಹ್ನದ 35 ಡಿಗ್ರಿ ಬಿಸಿಲಿನಲ್ಲಿ ಹದ ಮಾಡಿದ ಗಾಡಿಗೆ ಬೆಳಗಿನ 15 ಡಿಗ್ರಿ ಚಳಿಯಲ್ಲಿ ಗಾಳಿ ಶೇಕಡಾ ಆರೇಳರಷ್ಟು ಭಾರ.

ಪೆಟ್ರೋಲೂ ಬದಲಾಗಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಆದಕಾರಣ ಶುದ್ಧ ಪೆಟ್ರೋಲಿಗೆ ಸರಿಯಾಗಿದ್ದ ಜೆಟ್ ಈ ಬೆರಕೆಗೆ ಶೇಕಡಾ ಏಳೆಂಟರಷ್ಟು ತೆಳುವಾಗುತ್ತದೆ. ಹಳೆಯ ಪುಸ್ತಕದಲ್ಲಿ ಅಚ್ಚಾದ ಜೆಟ್ ಸಂಖ್ಯೆಯನ್ನೂ ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟ ಸಂಖ್ಯೆಯನ್ನೂ ಇಂದು ಹಾಗೆಯೇ ನಂಬಬಾರದು. ಎಥೆನಾಲ್ ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಪೆಟ್ರೋಲ್ ಕೊಳವೆ, ಕಾಕಿನ ವಾಷರು, ಬಟ್ಟಲಿನ ರಬ್ಬರ್ ರಿಂಗು ಇವನ್ನು ಹೊಸ ಪೆಟ್ರೋಲಿಗೆ ತಡೆಯುವಂಥದಕ್ಕೆ ಬದಲಿಸಿಕೊಳ್ಳಿ.

ಓಟಕ್ಕೆ ಹದ ಮಾಡಿದ ಗಾಡಿ ಊರ ರಸ್ತೆಗೆ ತಕ್ಕುದಲ್ಲ. ನೋಂದಣಿಯಾದ ವಾಹನದಲ್ಲಿ ಮನಬಂದಂತೆ ಮಾರ್ಪಾಡು ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ಕಟ್ಟುನಿಟ್ಟು ವಿಧಿಸುತ್ತದೆ. ಮೈದಾನಕ್ಕೆ ಟೆಂಪೋದಲ್ಲಿ ಒಯ್ಯಿರಿ. ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ ಪರೀಕ್ಷೆ ಬೇಡ. ದನಕರುಗಳೂ ಬೆದರುತ್ತವೆ.

ಪಂದ್ಯದ ಕಾಲ ಮುಗಿದು ಮಳೆಗಾಲಕ್ಕೆ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಟ್ಯಾಂಕನ್ನೂ ಬಟ್ಟಲನ್ನೂ ಬರಿದು ಮಾಡಿ ನಿಲ್ಲಿಸಬೇಕು. ಎಥೆನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಂಡು, ನೀರು ಬೇರ್ಪಟ್ಟು ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಬೆರೆಸಿದ ಎಣ್ಣೆ ಅಂಟಾಗಿ ಪೈಲಟ್ ಜೆಟ್ಟಿನ ಕೂದಲೆಳೆಯ ತೂತನ್ನು ಮುಚ್ಚುತ್ತದೆ. ಹಾಗೆ ಮುಚ್ಚಿದ ಜೆಟ್ಟನ್ನು ಸೂಜಿಯಿಂದಾಗಲಿ ತಂತಿಯಿಂದಾಗಲಿ ಚುಚ್ಚಬೇಡಿ, ತೂತು ಅಗಲವಾಗಿ ಕೊರೆದ ಸಂಖ್ಯೆ ಸುಳ್ಳಾಗುತ್ತದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವುದೇ ನೋಡಿ. ಕಾಣದಿದ್ದರೆ ಹೊಸ ಜೆಟ್ಟನ್ನೇ ಹಾಕಿ.